ಮೂಗುಬಟ್ಟಿನ ಸಿಳ್ಳೆ

ಅಮ್ಮನ ಉಸಿರು ನಿಂತು ನಿಂತು ಹೋಗುತ್ತದೆ ಎಂದು ನನಗೆ ಗೊತ್ತಾದದ್ದು ೧೯೯೧ರ ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ. ಮುಲುಂಡಿನ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಅಮ್ಮ ಮಲಗಿದ್ದಳು. ಪಕ್ಕದಲ್ಲಿ ಗೋಡೆಗೊರಗಿ ನಾನು ಕಾಲೇಜಿನ ಪುಸ್ತಕ ಓದುತ್ತಿದ್ದೆ. ಅಮ್ಮನ ಗೊರಕೆ ನಮಗೆ ಫ್ಯಾನಿನ ಸದ್ದಿದ್ದ ಹಾಗೆ. ಇದೆ ಎಂದು ತಿಳಿಯುತ್ತಿದ್ದದ್ದೇ ಅದು ನಿಂತಾಗ. ಅಂದು ನಿಂತಿತು. ಎಚ್ಚರವಾಗಿರಬೇಕೆಂದು ತಲೆಯೆತ್ತಿ ನೋಡಿದೆ. ಎಚ್ಚರವಾಗಿರಲಿಲ್ಲ. ಎದೆ ಏರಲು ಹವಣಿಸುತ್ತಿತ್ತು, ಹೊಟ್ಟೆ ಒಳಕ್ಕೆ ಸೇದುತ್ತಿತ್ತು, ಆದರೆ ಮೂಗಿನಲ್ಲಾಗಲಿ ಬಾಯಲ್ಲಾಗಲಿ ಗಾಳಿಯ ಸುಳಿವಿರಲಿಲ್ಲ. ನಾನು ನನಗೇ ತಿಳಿಯದಂತೆ ಎಣಿಸತೊಡಗಿದ್ದೆ. ನಲವತ್ತೊಂದಕ್ಕೆ ಬಂದಾಗ ಅಮ್ಮ ನೀರೊಳಗಿನಿಂದ ಮೇಲೆದ್ದವಳಂತೆ ಭಾರಿ ಉಸಿರೊಂದನ್ನು ಎಳೆದುಕೊಂಡು ಮಗ್ಗುಲಾದಳು. ಗೊರಕೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು.

ಆ ವರ್ಷಗಳಲ್ಲಿ ನಾನು ಎಲ್ಲವನ್ನೂ ಬರೆದಿಡುತ್ತಿದ್ದೆ. ಯಾವ ದಿನ ಎಷ್ಟು ಮಳೆ, ಬೆಳಗಿನ ಲೋಕಲ್ ಎಷ್ಟು ನಿಮಿಷ ತಡ, ತಿಂಗಳಿಗೆ ಎಷ್ಟು ಪುಸ್ತಕ ಓದಿದೆ, ಹೀಗೆ. ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ, ನನಗೆ ಮಾತ್ರ ಸಮಾಧಾನ. ಆ ಮಧ್ಯಾಹ್ನ ಒಂದು ಗಂಟೆ ಕೂತು ಗೀಟು ಹಾಕಿದೆ. ಮೂವತ್ತೆಂಟು ಸಲ ನಿಂತಿತ್ತು. ಅಪ್ಪನಿಗೆ ತೋರಿಸಿದೆ.

"ಎಲ್ಲರೂ ಹಾಗೇ ಕಣೇ, ನಿದ್ದೇಲಿ ಉಸಿರು ಒಂದೊಂದ್ಸಲ ನಿಧಾನ ಆಗುತ್ತೆ" ಎಂದರು ಅಪ್ಪ. "ನೀನು ಎಣಿಸ್ತಾ ಕೂತ್ರೆ ಯಾರಿಗಾದ್ರೂ ಉಸಿರು ನಿಲ್ಲುತ್ತೆ."

ಆದರೂ ಮುಂದಿನ ಭಾನುವಾರ ಕೈಗಡಿಯಾರ ಬಿಚ್ಚಿಟ್ಟುಕೊಂಡು ನನ್ನ ಪಕ್ಕ ಕೂತರು. ಅಪ್ಪ ಪವಾಯಿಯ ಎಂಜಿನಿಯರಿಂಗ್ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಫಿಟ್ಟಿಂಗ್ ಕಲಿಸುತ್ತಿದ್ದರು. ತಾವೇ ಅಳೆದು ನೋಡದೆ ಏನನ್ನೂ ನಂಬುವವರಲ್ಲ. ನಾಲ್ಕನೆಯ ಸಲ ಅಮ್ಮನ ಉಸಿರು ನಿಂತಾಗ ಗಡಿಯಾರ ನೋಡುವುದನ್ನು ಬಿಟ್ಟು ಅಮ್ಮನ ಭುಜ ಹಿಡಿದು ಅಲುಗಿಸಿದರು. ಅಮ್ಮ ಕಣ್ಣುಬಿಟ್ಟು, "ಏನ್ರೀ, ಕಾಫಿಗೆ ಹಾಲಿಡ್ಬೇಕಾ?" ಎಂದಳು. ಅಪ್ಪ ಎದ್ದುಹೋಗಿ ತಾವೇ ಹಾಲಿಟ್ಟರು.

ಆಮೇಲೆ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಅಮ್ಮ ಕುರ್ಲಾದ ಕಡೆ ಮುನಿಸಿಪಾಲಿಟಿಯ ಕನ್ನಡ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಟೀಚರು. ಸಂಜೆ ಲೋಕಲ್‌ನಲ್ಲಿ ಕೂತಳೆಂದರೆ ನಿದ್ದೆ. ಮುಲುಂಡ್ ದಾಟಿ, ಠಾಣೆ ದಾಟಿ, ಎಷ್ಟೋ ಸಲ ಕಲ್ಯಾಣದಲ್ಲಿ ಯಾರೋ ಎಬ್ಬಿಸಿದ್ದರು. ಅದು ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ತಮಾಷೆ. ಕ್ಲಾಸಿನಲ್ಲೂ ಹಾಗೆಯೇ. ಏಳರ ಮಗ್ಗಿ ಹೇಳಿಸುತ್ತಾ ಹೇಳಿಸುತ್ತಾ ಮೇಜಿನ ಮೇಲೆ ಕೈಯಿಟ್ಟಲ್ಲೇ ಕಣ್ಣು ಮುಚ್ಚುತ್ತಿದ್ದಳಂತೆ. ಮಕ್ಕಳು ಮಗ್ಗಿ ಮುಗಿಸಿ, ಟೀಚರಿಗೆ ಎಚ್ಚರವಾಗಬಾರದೆಂದು ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ಕೂತಿರುತ್ತಿದ್ದವು. ಇದನ್ನು ಹೇಳಿ ನಗುತ್ತಿದ್ದವಳೂ ಅಮ್ಮನೇ. ದೊಡ್ಡ ಟೀಚರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ ಮೇಲೆ ನಗುವುದನ್ನು ನಿಲ್ಲಿಸಿದಳು.

ಬಾಂದ್ರಾದ ಒಂದು ಆಸ್ಪತ್ರೆಯಲ್ಲಿ ಈ ತೊಂದರೆಯನ್ನೇ ಓದಿ ಬಂದ ಡಾಕ್ಟರೊಬ್ಬರಿದ್ದರು. ಮರಾಠಿಯವರು, ಸಣ್ಣ ವಯಸ್ಸು, ಅಮ್ಮನ ಹತ್ತಿರ ಹಿಂದಿಯಲ್ಲಿ ಮಾತಾಡುತ್ತಿದ್ದರು. ನನ್ನ ಗೀಟುಗಳನ್ನು ನೋಡಿ ಅವರು ನಗಲಿಲ್ಲ. ಮೇಜಿನ ಮೇಲಿದ್ದ ಒದ್ದೆ ಕರವಸ್ತ್ರವನ್ನು ಸುರುಳಿಯಂತೆ ಹಿಡಿದು ಒಂದು ತುದಿಯಿಂದ ಉಸಿರೆಳೆದು ತೋರಿಸಿದರು. ಬಟ್ಟೆ ತಟ್ಟನೆ ಒಳಕ್ಕೆ ಅಂಟಿಕೊಂಡಿತು. ನಿದ್ದೆಯಲ್ಲಿ ಅಮ್ಮನ ಗಂಟಲು ಹೀಗೆ ಅಂಟಿಕೊಳ್ಳುತ್ತದೆ ಎಂದರು. ಆಮೇಲೆ ಇನ್ನೊಂದು ತುದಿಯಿಂದ ಮೆಲ್ಲಗೆ ಊದಿದರು. ಸುರುಳಿ ಬಿಚ್ಚಿಕೊಂಡು ಕೊಳವೆಯಂತೆ ನಿಂತಿತು. ಒಳಗೆ ಕಡ್ಡಿಯಿಲ್ಲ, ತಂತಿಯಿಲ್ಲ, ಬರೀ ಗಾಳಿ ಅದನ್ನು ಎತ್ತಿ ಹಿಡಿದಿತ್ತು. ಮೂಗಿನಿಂದ ಸತತವಾಗಿ ಗಾಳಿ ಒತ್ತುತ್ತಿದ್ದರೆ ಗಂಟಲು ಮುಚ್ಚುವುದಿಲ್ಲ, ಅಷ್ಟೇ ಚಿಕಿತ್ಸೆ. ಔಷಧಿ ಇಲ್ಲ. ಆ ಹೊತ್ತು ನನಗಾದ ಬೆರಗು ಕಾಲೇಜಿನ ಯಾವ ಪ್ರಯೋಗದಲ್ಲೂ ಆಗಿರಲಿಲ್ಲ. ಮನೆಗೆ ಬರುವಾಗ ಲೋಕಲ್‌ನ ಬಾಗಿಲಲ್ಲಿ ಮುಖಕ್ಕೆ ಬಡಿಯುವ ಗಾಳಿಯನ್ನೇ ನೋಡುತ್ತಾ ನಿಂತಿದ್ದೆ, ನೋಡಲು ಆಗುತ್ತದೆ ಎನ್ನುವ ಹಾಗೆ.

ಆಸ್ಪತ್ರೆಯಲ್ಲಿ ಅಂಥ ಮಷೀನು ಇದ್ದದ್ದು ಒಂದೇ, ಪರದೇಶದಿಂದ ಬಂದದ್ದು. ಅದನ್ನು ಮನೆಗೆ ಕೊಟ್ಟರು. ನಮ್ಮ ಕರೆಂಟಿಗೆ ಅದು ಹೊಂದುವುದಿಲ್ಲವೆಂದು ಅಪ್ಪ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿ ತಂದರು. ಹೊಲಿಗೆ ಮಷೀನಿನಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಮಡಿಕೆ ಮಡಿಕೆಯಾದ ಉದ್ದ ಕೊಳವೆ, ತುದಿಗೆ ಮೂಗನ್ನು ಪೂರ್ತಿ ಮುಚ್ಚುವ ಗಟ್ಟಿ ರಬ್ಬರಿನ ಮಾಸ್ಕು. ಆಗಸ್ಟಿನಿಂದ ಅಮ್ಮ ಅದನ್ನು ಹಾಕಿಕೊಂಡಳು. ಗೊರಕೆ ನಿಂತಿತು, ಉಸಿರು ನಿಲ್ಲಲಿಲ್ಲ. ಆದರೆ ಮಾಸ್ಕು ಮೂಗಿನ ದಿಂಡಿನ ಮೇಲೆ ಕೂತು ಹುಣ್ಣು ಮಾಡಿತು. ಕನ್ನಡಕ ಕೂರುವುದೂ ಅದೇ ಜಾಗದಲ್ಲಿ. ಕನ್ನಡಕವಿಲ್ಲದೆ ಅಮ್ಮ ಮಕ್ಕಳ ಪುಸ್ತಕ ತಿದ್ದುವಂತಿಲ್ಲ. ಹತ್ತಿಯಿಟ್ಟು ನೋಡಿದೆವು, ಹಳೆಯ ಸೀರೆಯ ಚೂರಿಟ್ಟು ನೋಡಿದೆವು. ಸಂದಿಯಿಂದ ಗಾಳಿ ನುಗ್ಗಿ ಕಣ್ಣು ಕೆಂಪಾಯಿತು. ಹುಣ್ಣು ಎರಡು ಸಲ ಕೀವು ಕಟ್ಟಿದ ಮೇಲೆ ಡಾಕ್ಟರು, "ಈ ಮಾಸ್ಕು ಇನ್ನು ಮುಟ್ಟಬೇಡಿ" ಎಂದುಬಿಟ್ಟರು.

ಅಕ್ಟೋಬರ್ ಹತ್ತೊಂಬತ್ತರಂದು ಅವರು ನಮಗೆ ಎರಡನೆಯ ಮಾಸ್ಕನ್ನು ಕೊಟ್ಟರು. ಮಾಸ್ಕು ಎನ್ನುವುದಕ್ಕೂ ಇರಲಿಲ್ಲ. ಎರಡು ಮೂಗಿನ ಹೊಳ್ಳೆಗಳಿಗೆ ಸಿಕ್ಕಿಸುವ ಎರಡು ಪುಟ್ಟ ಮೆತ್ತನೆಯ ರಬ್ಬರಿನ ಕುಪ್ಪಿಗೆ, ತಲೆಯ ಸುತ್ತ ಒಂದು ಪಟ್ಟಿ. ಮೂಗಿನ ದಿಂಡನ್ನು ಅದು ಮುಟ್ಟುವುದೇ ಇಲ್ಲ. ಡಾಕ್ಟರ ಗೆಳೆಯರೊಬ್ಬರು ಬರುವಾಗ ತಂದುಕೊಟ್ಟದ್ದಂತೆ.

"ಟೀಚರ್, ನನ್ನ ಹತ್ತಿರ ಮೂರನೆಯದಿಲ್ಲ" ಎಂದರು. "ಇದೂ ಆಗದಿದ್ದರೆ ಆಪರೇಷನ್. ಕತ್ತಿನಲ್ಲಿ ಇಲ್ಲಿ ಒಂದು ತೂತು ಮಾಡಬೇಕು. ಹಗಲು ಮುಚ್ಚಿಟ್ಟುಕೊಳ್ಳಬಹುದು, ಮಲಗುವಾಗ ತೆರೆಯಬೇಕು. ಜೀವಕ್ಕೆ ಭಯವಿಲ್ಲ."

"ಧ್ವನಿ?" ಎಂದಳು ಅಮ್ಮ.

"ಮೊದಲಿನಂತೆಯೇ ಇರುತ್ತದೆ ಎಂದು ನಾನು ಹೇಳಲಾರೆ."

ಅಮ್ಮನ ಧ್ವನಿಯ ವಿಷಯ ಹೇಳಬೇಕು. ನಲವತ್ತೈದು ಮಕ್ಕಳ ಕ್ಲಾಸು, ಪಕ್ಕದಲ್ಲಿ ರೈಲು ಹಳಿ. ಗೂಡ್ಸ್ ಗಾಡಿ ಹೋಗುವಾಗ ಉಳಿದ ಟೀಚರುಗಳು ಪಾಠ ನಿಲ್ಲಿಸಿ ಕಾಯುತ್ತಿದ್ದರು. ಅಮ್ಮ ನಿಲ್ಲಿಸುತ್ತಿರಲಿಲ್ಲ, ಕಿರುಚುತ್ತಲೂ ಇರಲಿಲ್ಲ. ಗಾಡಿಯ ಸದ್ದಿಗಿಂತ ಸ್ವಲ್ಪ ಮೇಲೆ, ಅದು ತಾಗದ ಎತ್ತರದಲ್ಲಿ ಅವಳ ಮಾತು ಹರಿಯುತ್ತಿತ್ತು. ಮನೆಯಲ್ಲೂ ಹಾಗೆ, ಎದ್ದಲ್ಲಿಂದ ಮಲಗುವವರೆಗೆ ಮಾತು. ಆ ದಿನ ಬಾಂದ್ರಾದಿಂದ ದಾದರಿಗೆ, ದಾದರಿನಿಂದ ಮುಲುಂಡಿಗೆ ಅಮ್ಮ ಒಂದು ಮಾತೂ ಆಡಲಿಲ್ಲ. ನಿದ್ದೆಯನ್ನೂ ಮಾಡಲಿಲ್ಲ. ನವೆಂಬರ್ ಹದಿನಾರರ ಶನಿವಾರ ಮತ್ತೆ ಬನ್ನಿ, ಮಧ್ಯಾಹ್ನ ಇಲ್ಲೇ ಮಲಗಿಸಿ ನೋಡಿ ತೀರ್ಮಾನ ಮಾಡುತ್ತೇನೆ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಹಗಲಲ್ಲಿ, ಎಚ್ಚರವಿದ್ದಾಗಲೇ ಹಾಕಿಕೊಂಡು ಅಭ್ಯಾಸ ಮಾಡಬೇಕು; ಓಲೆ, ಸರ, ಒಡವೆಗಳನ್ನೆಲ್ಲ ತೆಗೆದಿಟ್ಟು ಹಾಕಿಕೊಳ್ಳಬೇಕು.

ದೀಪಾವಳಿ ರಜೆ ಇತ್ತು. ಅಮ್ಮ ಹಾಲಿನಲ್ಲಿ ಕಾಲು ಚಾಚಿ ಕೂತು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿಯೆಲ್ಲ ಭುಸ್ಸೆಂದು ಬಾಯಿಂದ ಹೊರಬರುತ್ತಿತ್ತು, ಹಾಗಾಗಿ ಮಾತು ಬಂದ್. ಏನು ಬೇಕಾದರೂ ಕೈಸನ್ನೆ. ಉಪ್ಪಿಗೆ ಒಂದು ಸನ್ನೆ, ಸಾರು ಕುದಿಯಿತು ನೋಡು ಎಂಬುದಕ್ಕೆ ಒಂದು, ನಿಮ್ಮಪ್ಪ ಎಲ್ಲಿ ಎಂಬುದಕ್ಕೆ ಮೀಸೆ ತಿರುವುವ ಸನ್ನೆ. ಅಪ್ಪನಿಗೆ ಮೀಸೆ ಇರಲಿಲ್ಲ.

ಮೊದಲ ದಿನವೇ ಒಂದು ಸದ್ದು ಶುರುವಾಯಿತು. ಸಣ್ಣದು, ತೀಕ್ಷ್ಣವಾದದ್ದು, ಯಾರೋ ದೂರದಲ್ಲಿ ಸಿಳ್ಳೆ ಹಾಕುತ್ತಾ ನಡೆದಂತೆ. ಅಮ್ಮನಿಗೆ ಕಣ್ಣು ಹತ್ತುವಷ್ಟರಲ್ಲಿ ಅದು ಏರುತ್ತಿತ್ತು, ಅವಳು ಎದ್ದು ಕೂರುತ್ತಿದ್ದಳು. ಪಟ್ಟಿ ಬಿಗಿ ಮಾಡಿದೆವು, ಸಡಿಲ ಮಾಡಿದೆವು, ಕುಪ್ಪಿಗೆಗಳನ್ನು ತೊಳೆದು ಹಾಕಿದೆವು. ಹೋಗಲಿಲ್ಲ. ಎಲ್ಲಿಂದಲೋ ಗಾಳಿ ಸೋರುತ್ತಿತ್ತು, ಸೋರಿದರೆ ಒತ್ತಡ ಇಳಿಯುತ್ತದೆ, ಇಳಿದರೆ ಗಂಟಲು ಮುಚ್ಚುತ್ತದೆ. ಭಾನುವಾರ ಹಾಗೂ ಹೀಗೂ ನಿದ್ದೆ ಹತ್ತಿದಾಗ ನಾನು ಗೀಟು ಹಾಕಿ ನೋಡಿದೆ. ಹನ್ನೊಂದು ಸಲ ನಿಂತಿತು. ಕಡಿಮೆಯಾಗಿತ್ತು, ಆದರೆ ಆ ಹನ್ನೊಂದರಲ್ಲಿ ಪ್ರತಿಯೊಂದಕ್ಕೂ ಅಪ್ಪ ನನ್ನ ಪೆನ್ಸಿಲಿನ ಕಡೆ ನೋಡುತ್ತಿದ್ದರು.

ಎದುರು ಮನೆಯ ಆಂಟಿ ಒಂದು ಮಧ್ಯಾಹ್ನ ಬಂದರು. ಮಂಗಳೂರಿನ ಕಡೆಯವರು, ಗಂಡನಿಗೆ ಸ್ಟೇಷನ್ ಹತ್ತಿರ ಹೋಟೆಲು. ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ದೇವರೇ, ಎಂಥ ಇದು ಟೀಚರೇ? ಆನೆ ಸೊಂಡಿಲು ಬಂದ ಹಾಗೆ ಉಂಟಲ್ಲ!"

ಅಮ್ಮ ಸೊಂಡಿಲನ್ನು ಕೈಯಲ್ಲಿ ಎತ್ತಿ ಆಶೀರ್ವಾದ ಮಾಡಿದಳು.

"ಮತ್ತೆ ಈ ಸಿಳ್ಳೆ ಯಾರದ್ದು?"

"ಅದೇ ಗೊತ್ತಾಗ್ತಿಲ್ಲ ಆಂಟಿ" ಎಂದೆ ನಾನು.

"ನಮ್ಮ ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ಪಾತ್ರೆ ಹೀಗೇ ಕೂಗ್ತದೆ, ಮುಚ್ಚಳ ಸರಿ ಕೂರದಿದ್ದರೆ. ಎಲ್ಲೋ ಒಂದು ಕಡೆ ಸಂದು ಉಂಟು. ಹುಡುಕಿ ಮಾರಾಯ್ರೆ, ನೀವು ಎಂಜಿನಿಯರಿಂಗಿನವರಲ್ವಾ?"

ಕೊನೆಯ ಮಾತು ಅಪ್ಪನಿಗೆ. ಅದು ತಾಗಿತು. ಮರುದಿನ ಅಪ್ಪ ಬಟ್ಟಲಲ್ಲಿ ಸೋಪಿನ ನೊರೆ ಮಾಡಿ, ಗಡ್ಡಕ್ಕೆ ಹಚ್ಚುವ ಬ್ರಷ್ಷು ಹಿಡಿದುಕೊಂಡು ಅಮ್ಮನ ಮುಂದೆ ಕೂತರು. ಹೊಸ ಗ್ಯಾಸ್ ಸಿಲಿಂಡರ್ ಬಂದಾಗ ಅವರು ಮಾಡುತ್ತಿದ್ದದ್ದೂ ಇದನ್ನೇ.

"ಒಡವೆ ಎಲ್ಲ ತೆಗೆದಿದ್ದೀಯ ತಾನೇ?"

ಅಮ್ಮ ಎರಡೂ ಕಿವಿ ಮುಟ್ಟಿ, ಕತ್ತು ಮುಟ್ಟಿ, ಬರೀ ಕತ್ತು ತೋರಿಸಿ ತಲೆಯಾಡಿಸಿದಳು. ನಾನೂ ನೋಡಿದೆ. ಏನೂ ಇರಲಿಲ್ಲ.

ಮಷೀನಿನ ಬಾಯಿಂದ ಶುರುಮಾಡಿ ಅಪ್ಪ ಕೊಳವೆಯ ಉದ್ದಕ್ಕೂ ನೊರೆ ಹಚ್ಚುತ್ತಾ ಬಂದರು. ಗುಳ್ಳೆಯಿಲ್ಲ. ಉಸಿರು ಹೊರಗೆ ಹೋಗಲೆಂದೇ ಮಾಡಿದ್ದ ತೂತಿನಲ್ಲಿ ನೊರೆ ಬುಗ್ಗೆಯಂತೆ ಎದ್ದಿತು, ಅದು ಏಳಬೇಕಾದ್ದೇ. ಕುಪ್ಪಿಗೆಗಳ ಬುಡದಲ್ಲಿ ಏನೂ ಇಲ್ಲ. ಹೊಳ್ಳೆಗಳ ಅಂಚಿನಲ್ಲಿ ಏನೂ ಇಲ್ಲ. ಅಪ್ಪ ಸೋತು ಬ್ರಷ್ಷನ್ನು ಹಿಂದಕ್ಕೆಳೆಯುವಾಗ ಅದು ಅಮ್ಮನ ಮೂಗಿನ ಬಲಗಡೆಗೆ ತಾಗಿತು.

ಅಲ್ಲಿ ಒಂದು ಗುಳ್ಳೆ ಹುಟ್ಟಿತು. ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಕಿಟಕಿಯ ಬೆಳಕು ಅದರ ಮೇಲೆ ಹಸಿರು, ನೇರಳೆ, ಹಳದಿಯಾಗಿ ಸುತ್ತುತ್ತಿತ್ತು. ಸಿಳ್ಳೆ ನಿಂತಿತ್ತು, ಏಕೆಂದರೆ ಆ ಗಾಳಿಯೆಲ್ಲ ಗುಳ್ಳೆಯೊಳಗೆ ಹೋಗುತ್ತಿತ್ತು. ಅಮ್ಮನ ಎರಡೂ ಕಣ್ಣು ಮೂಗಿನ ಕಡೆ ತಿರುಗಿದವು. ನಾವು ಮೂವರೂ ಅಲುಗಾಡಲಿಲ್ಲ. ಅಮ್ಮನ ಉಸಿರು ಅವಳ ಮೈಯಿಂದ ಹೊರಗೆ ಬಂದು, ಒಂದು ಆಕಾರ ತಳೆದು, ನಮ್ಮ ಕಣ್ಣೆದುರು ತೂಗುತ್ತಿತ್ತು. ಅದು ಒಡೆಯಿತು. ಸಿಳ್ಳೆ ಮತ್ತೆ ಬಂತು.

"ಮೂಗುಬಟ್ಟು!" ಎಂದೆವು ಅಪ್ಪ ಮತ್ತು ನಾನು ಒಟ್ಟಿಗೆ.

ಏಳು ಬಿಳಿ ಕಲ್ಲಿನ ಮೂಗುಬಟ್ಟು. ಅಮ್ಮನ ಮುಖದಲ್ಲಿ ಎಲ್ಲಕ್ಕಿಂತ ಹೊಳೆಯುವ ವಸ್ತು. ಹಗಲೆಲ್ಲ ಅದರ ಮುಂದೆಯೇ ಕೂತಿದ್ದೆವು, ಒಡವೆ ತೆಗೆದಿದ್ದೀಯಾ ಎಂದು ಕೇಳಿದ್ದೆವು, ಅವಳು ಹೌದು ಎಂದಿದ್ದಳು, ಮೂವರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಹಳೆಯ ಮಾಸ್ಕು ಮೂಗನ್ನು ಪೂರ್ತಿ ಮುಚ್ಚುತ್ತಿತ್ತು. ಮೂಗಿನ ಒಳಗೂ ಹೊರಗೂ ಅದೇ ಗಾಳಿ, ಸೋರಲು ಜಾಗವಿರಲಿಲ್ಲ. ಹೊಸದು ಒಳಗೆ ಮಾತ್ರ ಒತ್ತುತ್ತಿತ್ತು. ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತು ಇಷ್ಟು ವರ್ಷಗಳ ಭಾರಕ್ಕೆ ಜಗ್ಗಿ ದೊಡ್ಡದಾಗಿತ್ತು. ಬಟ್ಟಿನ ಕಾಲಿನ ಸುತ್ತ ಗಾಳಿಗೆ ದಾರಿ ಸಿಕ್ಕಿತ್ತು.

ಅಮ್ಮ ಮಾಸ್ಕು ಕಳಚಿದಳು. "ನೀವು ಒಡವೆ ಅಂದ್ರಿ" ಎಂದಳು. "ಇದು ಒಡವೆ ಏನ್ರೀ? ಇದು ಮೂಗು."

ಆದರೂ ತೆಗೆಯಬೇಕು ಎನ್ನುವುದು ನಮ್ಮಿಬ್ಬರಿಗೂ ಎರಡಕ್ಕೆ ಎರಡು ಕೂಡಿಸಿದಷ್ಟು ಸ್ಪಷ್ಟವಾಗಿತ್ತು. ಅಮ್ಮನಿಗೆ ಅದು ಮಾತೇ ಅಲ್ಲ. ಮದುವೆಯ ದಿನ ಅವಳ ಅಮ್ಮ ಹಾಕಿದ್ದು. ನಾನು ಹುಟ್ಟುವಾಗಲೂ ಆಸ್ಪತ್ರೆಯಲ್ಲಿ ತೆಗೆದಿರಲಿಲ್ಲ. ನಮ್ಮ ಕಡೆ ಮುತ್ತೈದೆಯ ಮೂಗು ಬರಿದಾಗುವುದು ಯಾವಾಗ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎದುರು ಮನೆಯ ಆಂಟಿಯಂತೂ ಕೈ ಅಡ್ಡ ಹಿಡಿದರು.

"ಬೇಡ ಬೇಡ. ಗಂಡ ಎದುರಿಗೆ ಗುಂಡುಕಲ್ಲಿನ ಹಾಗೆ ಕೂತಿರುವಾಗ ಮೂಗು ಬೋಳು ಮಾಡುವುದುಂಟಾ?"

"ಗುಂಡುಕಲ್ಲಿಗೇನೂ ಅಡ್ಡಿ ಇಲ್ಲ, ಬರೆದು ಕೊಡ್ತೀನಿ" ಎಂದರು ಅಪ್ಪ. ಯಾರೂ ನಗದಿದ್ದಾಗ ಅಮ್ಮನ ಕಡೆ ತಿರುಗಿ, "ನೋಡು, ನನಗೆ ಏನಾಗುತ್ತೆ ಅನ್ನೋದು ಬಿಡು. ಅವರು ನಿನ್ನ ಕತ್ತು ಕೊಯ್ತೀನಿ ಅಂತಿದ್ದಾರೆ ಕಣೇ" ಎಂದರು.

ನಾನೂ ಸುಮ್ಮನಿರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಮೂಗು ಚುಚ್ಚಿಸಲು ಬಂದಾಗ ಅತ್ತು ಕರೆದು ತಪ್ಪಿಸಿಕೊಂಡವಳು ನಾನು. ನನ್ನ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ. "ಇಷ್ಟಕ್ಕೆಲ್ಲ ಏನಮ್ಮ, ಮಲಗೋವಾಗ ತೆಗಿ, ಎದ್ದಾಗ ಹಾಕ್ಕೋ, ಸಿಂಪಲ್" ಎಂದೆ.

ಅಮ್ಮ ನನ್ನನ್ನು ನೋಡಿ, "ನಿನಗೆ ಸಿಂಪಲ್ಲೇ" ಎಂದಳು. ಹಬ್ಬ ಕಳೆಯಲಿ ಎಂದಳು. ಹಬ್ಬ ಕಳೆಯಿತು. ಶನಿವಾರಕ್ಕೆ ಇನ್ನು ಎರಡು ದಿನವಿದೆ ಎನ್ನುವಾಗ, ಬೆಳಿಗ್ಗೆ ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ಕೂತಳು. ದೇವರ ಕೋಣೆಯಲ್ಲಿ ದೀಪ ಹಚ್ಚಿ ಬಂದಿದ್ದಳು. ಅಪ್ಪನನ್ನು ಕರೆದು, "ಇಲ್ಲೇ ಕೂತಿರಿ, ಎದ್ದು ಹೋಗ್ಬೇಡಿ" ಎಂದಳು. ಅಪ್ಪ ಆಫೀಸಿಗೆ ಹೊರಟವರು ಷೂ ಬಿಚ್ಚಿ ಕೂತರು.

ಒಳಗಡೆಯ ತಿರುಪು ಜಡವಾಗಿ ಕೂತಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಕಾದು, ಮತ್ತೆ ಬಿಟ್ಟು, ಅಮ್ಮ ಅದನ್ನು ತಿರುಗಿಸುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಮೂಗು ಹಿಂಡಿದರೆ ಯಾರಿಗಾದರೂ ಬರುತ್ತದೆ, ಆದರೂ ಅಪ್ಪ ಬೇರೆ ಕಡೆ ನೋಡಿದರು. ಕೊನೆಗೆ ಬಟ್ಟು ಅವಳ ಅಂಗೈಗೆ ಬಿತ್ತು. ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದೆ. ಎಡಗಡೆಯಿಂದ ನೋಡಿದರೆ ಅಮ್ಮ. ಬಲಗಡೆಯಿಂದ ಅಮ್ಮನಿಗೆ ಹೋಲುವ ಯಾರೋ ಚಿಕ್ಕ ಹುಡುಗಿ. ಬಟ್ಟಿನ ಕೆಳಗಿದ್ದ ಚರ್ಮ ಸುತ್ತಲಿನದಕ್ಕಿಂತ ಬೆಳ್ಳಗಿತ್ತು. ಅಷ್ಟು ವರ್ಷ ಬಿಸಿಲು ಕಂಡಿರಲಿಲ್ಲ. "ಸಿಂಪಲ್" ಎಂದದ್ದಕ್ಕೆ ನನಗೆ ಆಗ ನಾಚಿಕೆಯಾಯಿತು.

ಮಾಸ್ಕು ಹಾಕಿದೆವು. ಅಪ್ಪ ಸ್ವಿಚ್ಚು ಒತ್ತಿದರು.

ಸಿಳ್ಳೆ ಎದ್ದಿತು, ಮೊದಲಿನದರ ನಾಲ್ಕರಷ್ಟು. ರೈಲಿನ ಗಾರ್ಡು ಊದಿದ ಹಾಗೆ. ಎದುರು ಮನೆಯ ಬಾಗಿಲು ತೆರೆದುಕೊಂಡ ಸದ್ದು ಕೇಳಿಸಿತು. ಬಟ್ಟು ತೂತಿಗೆ ಬಿರಡೆಯಾಗಿತ್ತು, ಅರೆಬರೆಯಾದರೂ. ನಾವು ಬಿರಡೆಯನ್ನೇ ಕಿತ್ತಿದ್ದೆವು. ವರ್ಕ್‌ಶಾಪಿನ ಅಪ್ಪನಿಗಾಗಲಿ ವಿಜ್ಞಾನ ಓದುವ ನನಗಾಗಲಿ ಇದು ಹೊಳೆದಿರಲಿಲ್ಲ. ಅಮ್ಮ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿ, ನಗಲು ಹೋಗಿ ಬಾಯಿ ತೆರೆದಳು. ಗಾಳಿ ಭುಸ್ಸೆಂದು ಬಾಯಿಂದ ನುಗ್ಗಿತು, ಸಿಳ್ಳೆ ತಗ್ಗಿತು. ಬಾಯಿ ಮುಚ್ಚಿದಳು, ಸಿಳ್ಳೆ ಎದ್ದಿತು. ಹೀಗೆ ಒಂದೆರಡು ಸಲ ಆದ ಮೇಲೆ ಅಪ್ಪನೇ ಮಷೀನು ಆರಿಸಿದರು. ಅಮ್ಮ ತೊಡೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಲೇ ಇದ್ದಳು. ನಗು ನಿಂತ ಮೇಲೆ ಬಟ್ಟನ್ನು ಒರೆಸಿ ಹಾಕಿಕೊಂಡಳು. "ಆಯ್ತಲ್ಲ. ಇನ್ನು ಕತ್ತು ಕೊಯ್ಸೋದೇ" ಎಂದಳು.

ನವೆಂಬರ್ ಹದಿನಾರು, ಶನಿವಾರ. ಆಸ್ಪತ್ರೆಯ ಮೂಲೆಯ ಒಂದು ಕೋಣೆ, ಕಿಟಕಿಗೆ ಹಸಿರು ಪರದೆ. ಮಂಚದ ಪಕ್ಕದಲ್ಲಿ ನಮ್ಮ ಪೆಟ್ಟಿಗೆ. ಅಮ್ಮನ ಬೆರಳಿಗೆ ಒಂದು ಕ್ಲಿಪ್ಪು ಹಾಕಿದರು. ಪಕ್ಕದ ಇನ್ನೊಂದು ಸಣ್ಣ ಪೆಟ್ಟಿಗೆಯಲ್ಲಿ ಅವಳ ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ಕೆಂಪು ಅಂಕಿ ಬೆಳಗುತ್ತಿತ್ತು. ನಿದ್ದೆ ಬಾರದಿದ್ದರೆ ಒಂದು ಮಾತ್ರೆ ಕೊಡಲೇ ಎಂದು ಡಾಕ್ಟರು ಕೇಳಿದರು.

"ನನಗೆ ನಿದ್ದೆ ಬರ್ಸೋಕೆ ಯಾರೂ ಕಷ್ಟಪಟ್ಟಿದ್ದಿಲ್ಲ ಅಂತ ಹೇಳೇ ಅವರಿಗೆ" ಎಂದಳು ಅಮ್ಮ. ನಾನು ಹೇಳಿದೆ.

ಮಷೀನು ಶುರುವಾಯಿತು. ಸಿಳ್ಳೆಯೂ. ಡಾಕ್ಟರು ಟಾರ್ಚು ಹಾಕಿ ಮೂಗು ನೋಡಿದರು.

"ಇದನ್ನು ತೆಗೆಯಿರಿ ಟೀಚರ್."

ತೆಗೆದು ನೋಡಿದೆವು, ಹೆಚ್ಚಾಯಿತು ಎಂದು ಅಪ್ಪ ಹಿಂದಿಯಲ್ಲಿ ವಿವರಿಸಿದರು. ಡಾಕ್ಟರು ಬಟ್ಟಿನ ಮೇಲೆ ಪ್ಲಾಸ್ಟರ್ ಅಂಟಿಸಿದರು. ಅದು ಉಬ್ಬಿ ಎದ್ದಿತು. ಇನ್ನೊಂದು ಅಂಟಿಸಿದರು, ಅದೂ ಎದ್ದಿತು. ಅವರು ಮಷೀನು ಆರಿಸಿ, ಸ್ಟೂಲು ಎಳೆದುಕೊಂಡು ಕೂತರು. ಅವರು ಹಾಗೆ ಕೂತದ್ದು ನೋಡಿಯೇ ಅಪ್ಪ ಎದ್ದು ನಿಂತರು.

"ಡಿಸೆಂಬರಿನಲ್ಲಿ ಆಪರೇಷನ್ನಿಗೆ ಒಂದು ದಿನ ನೋಡೋಣ" ಎಂದು ಡಾಕ್ಟರು ಮೆಲ್ಲಗೆ ಶುರುಮಾಡಿದರು.

ಅಮ್ಮ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಹಣೆ ಮುಟ್ಟಿಕೊಂಡಳು. ತಲೆಯ ಪಟ್ಟಿ ಉಜ್ಜಿ ಕುಂಕುಮ ಅಳಿಸಿಹೋಗಿತ್ತು. "ನನ್ನ ಚೀಲ ಕೊಡೇ" ಎಂದಳು. ಅದರಿಂದ ಪುಟ್ಟ ಭರಣಿ ತೆಗೆದಳು. ಕುಂಕುಮ ಉದುರದಿರಲೆಂದು ಹಣೆಗೆ ಮೊದಲು ಒಂದಿಷ್ಟು ಮೇಣ ಸವರಿ ಅದರ ಮೇಲೆ ಇಡುವವಳು ಅವಳು. ಸ್ಟಿಕ್ಕರ್ ಬಿಂದಿ ಅಂಟಿಸಿದವಳಲ್ಲ. ಉಂಗುರ ಬೆರಳಲ್ಲಿ ಮೇಣ ತೆಗೆದುಕೊಂಡು ಹಣೆಗೆ ಕೊಂಡೊಯ್ದಳು. ಕೈ ಅರ್ಧದಲ್ಲಿ ನಿಂತಿತು.

ಆಮೇಲೆ ಅವಳು ಆ ಮೇಣವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯತೊಡಗಿದಳು. ಅದು ಮೆತ್ತಗಾಗುವವರೆಗೆ, ದಾರದಷ್ಟು ಸಣ್ಣಗಾಗುವವರೆಗೆ. ಎಣ್ಣೆ ಕಂಡಿದ್ದ ತಿರುಪು ಈಗ ಸುಲಭವಾಗಿ ಬಂತು. ಬಟ್ಟಿನ ಕಾಲಿಗೆ ಮೇಣದ ದಾರವನ್ನು ಸುತ್ತಿದಳು, ಮೂಗಿಗೆ ತೂರಿಸಿದಳು, ಒಳಗಿನಿಂದ ತಿರುಪು ಬಿಗಿದಳು, ಹೊರಗೆ ಹೆಬ್ಬೆರಳಿನಿಂದ ಒತ್ತಿದಳು. ಸುತ್ತ ಉಬ್ಬಿ ಬಂದ ಮೇಣವನ್ನು ಉಗುರಿನಿಂದ ಸವರಿ, ಉಳಿದದ್ದನ್ನು ಹಣೆಗೆ ಹಚ್ಚಿ ಕುಂಕುಮ ಇಟ್ಟುಕೊಂಡಳು. ಮಾಸ್ಕು ಹಾಕಿಕೊಂಡು ಮಲಗಿ ಅಪ್ಪನ ಕಡೆ ಸನ್ನೆ ಮಾಡಿದಳು.

ಅಪ್ಪ ಸ್ವಿಚ್ಚು ಒತ್ತಿದರು. ಪೆಟ್ಟಿಗೆಯ ಗುಂಯ್ ಎನ್ನುವ ಸದ್ದು. ಕೊಳವೆಯಲ್ಲಿ ಗಾಳಿ ಹರಿಯುವ ಸದ್ದು. ನಾವು ಮೂವರೂ ಸಿಳ್ಳೆಗಾಗಿ ಕಾದೆವು.

"ಯೇ ಕ್ಯಾ ಲಗಾಯಾ, ಟೀಚರ್?" ಎಂದರು ಡಾಕ್ಟರು. ಏನು ಹಚ್ಚಿದಿರಿ ಎಂದು ಕೇಳುತ್ತಾ ಭರಣಿಯನ್ನು ಎತ್ತಿ ಮೂಸಿಯೂ ನೋಡಿದರು. ಅಮ್ಮ ಆಗಲೇ ನಿದ್ದೆ ಹೋಗಿದ್ದಳು.

ನಾನು ಪೆನ್ಸಿಲು ತೆಗೆದು ಅವಳ ಎದೆಯ ಮೇಲೆ ಕಣ್ಣಿಟ್ಟು ಕೂತೆ. ಏರಿತು, ಇಳಿಯಿತು. ಏರಿತು, ಇಳಿಯಿತು. ಗೀಟು ಹಾಕಲು ಏನೂ ಸಿಗಲಿಲ್ಲ. ಮೊದಮೊದಲು ಪ್ರತಿ ಉಸಿರಿನ ಕೊನೆಯಲ್ಲಿ ನನ್ನ ಉಸಿರೂ ನಿಲ್ಲುತ್ತಿತ್ತು, ಮುಂದಿನದು ಬರುವುದೋ ಇಲ್ಲವೋ ಎಂದು. ಬರುತ್ತಿತ್ತು. ಅದಾದ ಮೇಲೆ ಇನ್ನೊಂದು. ಕೆಂಪು ಅಂಕಿ ಮೇಲೆ ಹೋಗಿ ಅಲ್ಲೇ ನಿಂತಿತು. ಅಮ್ಮನ ಮುಖದ ಗಂಟುಗಳು ಬಿಚ್ಚಿಕೊಂಡವು. ಹುಬ್ಬುಗಳ ನಡುವೆ ಒಂದು ಗೆರೆಯಿತ್ತು, ಅದು ಅವಳ ಮುಖದ್ದೇ ಎಂದುಕೊಂಡಿದ್ದೆ, ಅದೂ ಇಲ್ಲವಾಯಿತು. ನಿದ್ದೆಯೆಂದರೆ ಇದು ಎಂದು ನಾನು ಅಂದೇ ನೋಡಿದ್ದು. ಕಣ್ಣಿಗೆ ಕಾಣದ, ಕೈಗೆ ಸಿಗದ ಗಾಳಿ ಒಂದು ಜೀವವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು, ಅದು ಜಾರಿಹೋಗದಂತೆ ತಡೆದದ್ದು ಬೆಂಡೆ ಬೀಜದಷ್ಟು ಮೇಣ. ಸ್ವಲ್ಪ ಹೊತ್ತಿನಲ್ಲಿ ಅವಳ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡಾಡತೊಡಗಿದವು. ನಾನು ಹೆದರಿ ಡಾಕ್ಟರ ತೋಳು ಹಿಡಿದೆ.

"ಎಬ್ಬಿಸಬೇಡ" ಎಂದರು ಅವರು ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ. "ಅವರು ಏನನ್ನೋ ನೋಡುತ್ತಿದ್ದಾರೆ."

ಅವರು ಬಹಳ ಹೊತ್ತು ನಿಂತೇ ಇದ್ದರು. ಆಮೇಲೆ ಕಾಗದಗಳ ನಡುವಿನಿಂದ ಆಪರೇಷನ್ನಿನದೆಂದು ತೋರುವ ಒಂದನ್ನು ತೆಗೆದು, ಮಡಿಸಿ ಜೇಬಿಗಿಟ್ಟುಕೊಂಡು, ಚಪ್ಪಲಿಯ ಸದ್ದಾಗದಂತೆ ಹೊರಗೆ ಹೋದರು. ಅಪ್ಪ ಅವರ ಹಿಂದೆ ಹೋಗಿ ಕೇಳಿಕೊಂಡು ಬಂದರು. ಬಾಗಿಲಲ್ಲಿ ನಿಂತು ನನಗೆ ಕೈಯಾಡಿಸಿ ಬೇಡವಂತೆ, ಬೇಡವಂತೆ ಎಂದು ಸನ್ನೆ ಮಾಡಿದರು. ಅಮ್ಮನಿಂದ ಕಲಿತ ಸನ್ನೆ.

ಎದ್ದಾಗ ಅಮ್ಮ ಮಾಸ್ಕು ಕಳಚಿ, ಕೋಣೆಯನ್ನೆಲ್ಲ ಹೊಸದಾಗಿ ನೋಡಿದಳು. ಆಪರೇಷನ್ ವಿಷಯ ಕೇಳಲೇ ಇಲ್ಲ. "ಕನಸು ಬಿತ್ತು ಕಣೇ" ಎಂದಳು. "ಎಷ್ಟು ವರ್ಷ ಆಗಿತ್ತೇ. ನನಗೆ ಕನಸು ಬೀಳೋ ವಯಸ್ಸು ಮುಗೀತು ಅಂತಲೇ ಅಂದ್ಕೊಂಡಿದ್ದೆ."

"ಏನು ಬಿತ್ತು?" ಎಂದರು ಅಪ್ಪ.

"ಹೇಳ್ತೀನಿ ಇರ್ರೀ, ಮೊದಲಿಂದ ಹೇಳ್ಬೇಕು. ಎಲ್ಲಾದಕ್ಕೂ ಬಣ್ಣ ಇತ್ತು."

ರಿಕ್ಷಾದಲ್ಲಿ ಹೇಳಲು ಶುರುಮಾಡಿದಳು. ಬಾಂದ್ರಾ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, ಎದುರಿಂದ ಇಳಿಯುವ ಜನ ನಮ್ಮ ಮೂವರನ್ನೂ ಬೇರೆ ಬೇರೆ ಮಾಡಿದಾಗಲೂ ಹೇಳುತ್ತಲೇ ಇದ್ದಳು; ಅವಳೆಲ್ಲಿದ್ದಾಳೆಂದು ಧ್ವನಿಯಿಂದಲೇ ತಿಳಿಯುತ್ತಿತ್ತು. ಕನಸಿನಲ್ಲಿ ಯಾವುದೋ ದೊಡ್ಡ ಬಿಲ್ಡಿಂಗಿನ ತಾರಸಿಯ ಮೇಲೆ ಅವಳ ಕ್ಲಾಸಿನ ಮಕ್ಕಳೆಲ್ಲ ಒಗೆದ ಬಟ್ಟೆ ಒಣಹಾಕುತ್ತಿದ್ದವಂತೆ, ಹಗ್ಗ ಸಾಲದೆ ಬಂದಿತ್ತಂತೆ, ಒಂದು ಕೆಂಪು ಲಂಗ ಮಾತ್ರ ಉಳಿದುಬಿಟ್ಟಿತ್ತಂತೆ. ದಾದರಿನಲ್ಲಿ ಗಾಡಿ ಬದಲಿಸಿ ಕೂತೆವು. ಲೋಕಲ್ ಕಿರುಚುತ್ತಾ ತಿರುವು ತೆಗೆದುಕೊಂಡಿತು. ಅಮ್ಮ ಅದರ ಮೇಲಿಂದ ಮಾತಾಡಿದಳು. ಎದುರಿಗೆ ಕೂತಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಆದರೂ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮುಲುಂಡ್ ಬಂತು, ಅಪ್ಪ ಮೊದಲೇ ಎದ್ದು ಬಾಗಿಲಿಗೆ ಹೋಗಿ ನಿಂತರು.

"ಬರ್ತೀನಿ, ನಂಗೆ ಎಚ್ಚರ ಇದೆ" ಎಂದಳು ಅಮ್ಮ. "ಆಮೇಲೆ ಏನಾಯ್ತು ಗೊತ್ತಾ, ಆ ಕೆಂಪು ಲಂಗ ಇತ್ತಲ್ಲ—"